ರವಿಕೆ ಕಣದ ಪರದೆ

ರಾಮಕೃಷ್ಣನಗರದ ಪುಟ್ಟಬಸಮ್ಮನ ಕೈಗೆ ಸಿಕ್ಕಿಯೂ ಹಾಳಾಗದೆ ಉಳಿದದ್ದು ಆ ಮನೆಯಲ್ಲಿ ಒಂದೇ ಒಂದು, ಅದು ಆಕೆಯ ಗಂಡ ವೃಷಭೇಂದ್ರಪ್ಪ. ಅವರೂ ಪೂರ್ತಿ ಉಳಿದಿದ್ದರು ಎನ್ನುವ ಹಾಗಿಲ್ಲ. ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿ ನಿವೃತ್ತರಾಗಿ, ಇನ್ನು ಆರಾಮಾಗಿ ಪೇಪರ್ ಓದಿಕೊಂಡು ಕೂರೋಣ ಎಂದುಕೊಂಡ ಬಡಪಾಯಿ, ಹೆಂಡತಿಯ ಪ್ರಯೋಗಪಶುವಾಗಿ ಹೋದರು. ಹಿಮ್ಮಡಿ ಒಡೆದಿದೆಯೆಂದು ಬಾಳೆಹಣ್ಣಿನ ಸಿಪ್ಪೆ ಕಟ್ಟಿಸಿಕೊಂಡು ಮಲಗಿದವರು ಬೆಳಗ್ಗೆ ಎದ್ದಾಗ ಎರಡೂ ಕಾಲಿಗೆ ಇರುವೆ ಮುತ್ತಿದ್ದವು. ಬೋಳುತಲೆಗೆ ಈರುಳ್ಳಿ ರಸ ಹಚ್ಚಿಸಿಕೊಂಡ ವಾರ ಅವರ ವಾಕಿಂಗ್ ಗೆಳೆಯರೆಲ್ಲ ಹೇಳದೆ ಕೇಳದೆ ಬೇರೆ ಪಾರ್ಕಿಗೆ ಹೋಗತೊಡಗಿದರು. ಕೂದಲು ಮಾತ್ರ ಒಂದೂ ಬರಲಿಲ್ಲ.

ಇದಕ್ಕೆಲ್ಲ ಮೂಲ ಆ ಹಾಳು ಮೊಬೈಲು. ಮಧ್ಯಾಹ್ನ ಊಟ ಮುಗಿಸಿ ದಿವಾನದ ಮೇಲೆ ಕಾಲು ಚಾಚಿದರೆ ಸಾಕು, ಅದರೊಳಗಿಂದ ಯಾವಳೋ ಒಬ್ಬಳು ಕಣ್ಣರಳಿಸಿಕೊಂಡು, "ಬಿಸಾಕೋಕೆ ಮುಂಚೆ ಈ ವಿಡಿಯೋ ನೋಡಿ" ಎಂದು ಕೂಗುತ್ತಿದ್ದಳು. ಪುಟ್ಟಬಸಮ್ಮ ನೋಡಿದಳು. ನೋಡಿ ಬಿಸಾಕುವುದನ್ನೇ ಬಿಟ್ಟಳು. ತೆಂಗಿನ ಚಿಪ್ಪು, ಸವೆದ ಟೂತ್‌ಬ್ರಷ್ಷು, ಔಷಧಿ ಬಾಟಲಿ, ಹಿಡಿ ಮುರಿದ ಬಕೆಟ್ಟು, ಎಲ್ಲವೂ ಅಟ್ಟ ಸೇರಿದವು. ಚಿಪ್ಪಿನಲ್ಲಿ ಮಾಡಿದ ದೀಪ ಚಿಪ್ಪಿನ ಸಮೇತ ಉರಿಯಿತು. ಬೆಳ್ಳಿ ಲೋಟಕ್ಕೆ ಟೂತ್‌ಪೇಸ್ಟ್ ತಿಕ್ಕಿ ತೊಳೆದ ಮೇಲೆ ಎಷ್ಟೋ ದಿನ ಹಾಲು ಕುಡಿದರೆ ಹಲ್ಲುಜ್ಜಿದ ಹಾಗಾಗುತ್ತಿತ್ತು.

ಮೊಟ್ಟೆ ಟ್ರೇ ಪ್ರಕರಣವನ್ನಂತೂ ಆ ಬೀದಿ ಇನ್ನೂ ಮರೆತಿಲ್ಲ. ಮೊಟ್ಟೆ ಇಡುವ ರಟ್ಟಿನ ಟ್ರೇ ಕತ್ತರಿಸಿ ಬಣ್ಣ ಬಳಿದರೆ ಗುಲಾಬಿ ಹೂವಾಗುತ್ತದೆಂದು ಫೋನಿನವಳು ಹೇಳಿದಳು. ಇವರದೋ ಲಿಂಗಾಯತರ ಮನೆ, ಮೊಟ್ಟೆ ಎನ್ನುವ ಮಾತನ್ನೂ ಬಾಗಿಲಾಚೆ ನಿಂತು ಆಡುವವರು. ಅಂಥದ್ದರಲ್ಲಿ ವೃಷಭೇಂದ್ರಪ್ಪನವರು ಹಣೆ ತುಂಬ ವಿಭೂತಿ ಧರಿಸಿಕೊಂಡೇ ಕೋಳಿ ಅಂಗಡಿಯ ಮುಂದೆ ನಿಂತು ಖಾಲಿ ಟ್ರೇ ಕೇಳಿ ಪಡೆದು, ಹಾಡಹಗಲು ಬೀದಿಯುದ್ದಕ್ಕೂ ಹೊತ್ತು ತಂದರು. ಸಂಜೆಯ ಹೊತ್ತಿಗೆ ಎದುರುಮನೆ ಮಂಚಮ್ಮ ಹಾಜರಾದಳು.

"ಡಾಕ್ಟ್ರು ತಿನ್ನಿ ಅಂದ್ರೆ ತಿನ್ಬೇಕು ಕಣಮ್ಮ, ಅದ್ರಲ್ಲಿ ನಾಚ್ಕೆ ಏನ್ ಬಂತು? ನಾನೇನು ಯಾರ್ಗೂ ಹೇಳಕ್ಕೋಗಲ್ಲ ಬುಡು," ಎಂದು ಸಮಾಧಾನ ಹೇಳಿ ಹೋದಳು. ಹೋದವಳು ಎಲ್ಲರಿಗೂ ಹೇಳಿದಳು.

ನ್ಯಾಯವಾಗಿ ಹೇಳಬೇಕೆಂದರೆ ಪುಟ್ಟಬಸಮ್ಮನ ಟಿಪ್ಸುಗಳಲ್ಲಿ ಒಂದೇ ಒಂದು ಫಲಿಸಿತ್ತು. ಯಾರದೋ ಮದುವೆ ಊಟದಲ್ಲಿ ಮೇಷ್ಟ್ರ ಬಿಳೀ ಪಂಚೆಗೆ ಅರಿಶಿನ ಮೆತ್ತಿಕೊಂಡಿತು. ಸೋಪು ಹಾಕಿ ಉಜ್ಜಿದಷ್ಟೂ ಕೆಂಪಗಾಯಿತೇ ಹೊರತು ಹೋಗಲಿಲ್ಲ. ಕೊನೆಗೆ ಒದ್ದೆ ಮಾಡಿ ಮಹಡಿಯ ಮೇಲೆ ಬಿಸಿಲಿಗೆ ಹರವಿದಳು ನೋಡಿ, ಸಂಜೆ ತೆಗೆದಾಗ ಕಲೆ ಎಲ್ಲಿತ್ತೆಂದು ಹುಡುಕಬೇಕಾಯಿತು. ಅಂದಿನಿಂದ ಬೀದಿಯಲ್ಲಿ ಯಾರು ಸೆರಗಿಗೆ ಸಾರು ಚೆಲ್ಲಿಕೊಂಡರೂ, "ಬಿಸ್ಲಿಗೆ ಹಾಕಿ, ಅರಿಶಿನಕ್ಕೆ ಬಿಸ್ಲೇ ಮದ್ದು," ಎಂದು ಕರೆಯದೇ ಹೋಗಿ ಹೇಳಿ ಬರುತ್ತಿದ್ದಳು. ಅದು ಫೋನಿನವಳು ಹೇಳಿದ್ದಲ್ಲ, ಅವಳ ಅವ್ವ ಹೇಳಿಕೊಟ್ಟದ್ದು.

ಅವ್ವನ ನೆನಪಾದರೆ ಪುಟ್ಟಬಸಮ್ಮನ ಹೊಟ್ಟೆಯಲ್ಲಿ ಸಂಕಟ ಒಂದು ಪಾಲು, ಉರಿ ಮೂರು ಪಾಲು. ತವರುಮನೆ ಏನು ದೂರವಿಲ್ಲ, ನಜರ್‌ಬಾದಿನಲ್ಲಿದೆ. ಅಣ್ಣ ಚಂದ್ರಮೌಳಿ, ಅತ್ತಿಗೆ ಸರ್ವಮಂಗಳ ಅಲ್ಲಿದ್ದಾರೆ. ಆರು ವರ್ಷದ ಹಿಂದೆ, ಗೌರಿಹಬ್ಬ ಕಳೆದು ಕೆಲವೇ ದಿನಕ್ಕೆ ಅವ್ವ ಆಸ್ಪತ್ರೆ ಸೇರಿದ್ದಳು. ಅಲ್ಲಿ ಮಂಚದ ಮೇಲೆ ಮಗಳ ಕೈ ಹಿಡಿದುಕೊಂಡು, "ನಿಂಗೇ ಅಂತ ಒಂದು ಹಸ್ರು ರೇಷ್ಮೆ ಕಣ ಎತ್ತಿಟ್ಟಿದ್ದೆ ಕಣೇ. ನಿಮ್ಮತ್ತಿಗೆ ಕೈಲಿ ಕೊಟ್ಟಿದ್ದೀನಿ," ಎಂದಳು. ಕಣ ಅಂದರೆ ಒಂದು ರವಿಕೆಗಾಗುವಷ್ಟು ಬಟ್ಟೆ, ಅಷ್ಟೇ. ಮಾರನೇ ದಿನ ಅವ್ವ ಹೋಗಿಬಿಟ್ಟಳು.

ಅವ್ವನ ಶಿವಗಣಾರಾಧನೆ ಮುಗಿದು ಊಟಕ್ಕೆ ಬಂದವರೆಲ್ಲ ಹೊರಟ ಮೇಲೆ ಪುಟ್ಟಬಸಮ್ಮ ನಾಚಿಕೆ ಬಿಟ್ಟು ಅತ್ತಿಗೆಯನ್ನು ಕೇಳಿದಳು. "ಅವ್ವ ಏನೋ ನಿಮ್ಮ ಕೈಲಿ ಕೊಟ್ಟಿದ್ರಂತಲ್ಲ, ಅತ್ತಿಗೆ?"

"ಎಲ್ಲಾ ಕೊಟ್ಟಾಯ್ತಲ್ಲಮ್ಮ," ಎಂದು ಸರ್ವಮಂಗಳ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಎಲ್ಲಿ ಕೊಟ್ಟಾಯ್ತು? ಯಾವಾಗ ಕೊಟ್ಟಾಯ್ತು? ಹಾಗಂತ ಅಲ್ಲೇ ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪುಟ್ಟಬಸಮ್ಮ ಕೇಳಲಿಲ್ಲ, ಮುಖ ಊದಿಸಿಕೊಂಡು ಮನೆಗೆ ಬಂದಳು. ಅವಳಿಗೆ ರೇಷ್ಮೆಗೆ ಬರವಿರಲಿಲ್ಲ, ಬೀರು ತುಂಬ ರೇಷ್ಮೆ ಇತ್ತು. ಆದರೆ ಅವ್ವ ತನ್ನ ಹೆಸರು ಹೇಳಿ ಎತ್ತಿಟ್ಟದ್ದು ಈ ಪ್ರಪಂಚದಲ್ಲಿ ಅದೊಂದೇ. ಅದನ್ನು ಅತ್ತಿಗೆ ನುಂಗಿ ನೀರು ಕುಡಿದಳಲ್ಲ ಎಂದು ಇವಳಿಗೆ ಆರು ವರ್ಷವಾದರೂ ತಡೆಯಲಾಗುತ್ತಿರಲಿಲ್ಲ. ಅಂದಿನಿಂದ ನಜರ್‌ಬಾದಿಗೆ ಹೋಗುವುದು ನಿಂತಿತು. ಗೌರಿಹಬ್ಬಕ್ಕೆ ತವರಿನ ಬಾಗಿನವೂ ನಿಂತು, ಅಣ್ಣ ಫೋನಿನಲ್ಲೇ ದುಡ್ಡು ಹಾಕಿ, "ಬಂತಾ?" ಎಂದು ಕೇಳುವ ಹಾಗಾಯಿತು.

ಈ ವರ್ಷ ಹಬ್ಬಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ ಚಂದ್ರಮೌಳಿ ಫೋನು ಮಾಡಿದ. "ಈ ಸಲ ದುಡ್ಡು ಗಿಡ್ಡು ಏನಿಲ್ಲ ಕಣೇ. ನಿಮ್ಮತ್ತಿಗೇನೇ ಮೊರ ಕಟ್ಕೊಂಡು ಬರ್ತಾಳಂತೆ."

"ಬರ್ಲಿ. ಚೆನ್ನಾಗೇ ಬರ್ಲಿ," ಎಂದಳು ಪುಟ್ಟಬಸಮ್ಮ. ಆ ದನಿ ಕೇಳಿ ವೃಷಭೇಂದ್ರಪ್ಪನವರು ಪೇಪರ್ ಮಡಿಸಿಟ್ಟರು.

ಅದೇ ಮಧ್ಯಾಹ್ನ ಫೋನಿನವಳು ಹೊಸದೊಂದು ಹೇಳಿಕೊಟ್ಟಳು: ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿದ ಬಾಗಿಲ ಪರದೆ. ಪುಟ್ಟಬಸಮ್ಮ ಎದ್ದು ಹೋಗಿ ಬೀರುವಿನ ಕೆಳಗಿನ ಅರೆ ತೆಗೆದಳು.

ಮೈಸೂರಿನ ಯಾವ ಮನೆಯ ಬೀರು ತೆಗೆದರೂ ಆ ಅರೆ ಇದ್ದೇ ಇರುತ್ತದೆ. ಅರಿಶಿನ ಕುಂಕುಮಕ್ಕೆ, ಗೃಹಪ್ರವೇಶಕ್ಕೆ, ಸೀಮಂತಕ್ಕೆ, ನಾಮಕರಣಕ್ಕೆ ಹೋದ ಕಡೆಯಲ್ಲೆಲ್ಲ ತಾಂಬೂಲದ ಜೊತೆ ಕೊಟ್ಟ ರವಿಕೆ ಕಣಗಳು ಅಲ್ಲಿ ಕವರಿನ ಸಮೇತ ಬಿದ್ದಿರುತ್ತವೆ. ಅವನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ. ಹೊಲಿಸಿಕೊಳ್ಳಲು ಹೋದರೆ ತೋಳಿಗಾದರೆ ಬೆನ್ನಿಗಾಗುವುದಿಲ್ಲ, ಬಣ್ಣವೋ ಶಿವನಿಗೇ ಪ್ರೀತಿ. ಕವರ್ ಬಿಚ್ಚುವುದೂ ಇಲ್ಲ. ಮುಂದಿನ ಫಂಕ್ಷನ್ನಿಗೆ ಆ ಕವರ್ ಹಾಗೇ ಇನ್ನೊಂದು ಮನೆಗೆ ಹೋಗುತ್ತದೆ, ಅಲ್ಲಿಂದ ಮತ್ತೊಂದು ಮನೆಗೆ. ಎಲ್ಲರಿಗೂ ಇದು ಗೊತ್ತು. ಎಲ್ಲರೂ ಕೊಡುವಾಗ, "ನಿಮಗೇ ಅಂತ ಆರಿಸ್ಕೊಂಡು ಬಂದೆ," ಎನ್ನುತ್ತಾರೆ.

ಪುಟ್ಟಬಸಮ್ಮ ಎಲ್ಲ ಕವರು ಬಿಚ್ಚಿ ನೆಲಕ್ಕೆ ಸುರಿದಳು. ವೃಷಭೇಂದ್ರಪ್ಪನವರು ಬಾಗಿಲಲ್ಲಿ ನಿಂತು ಆ ಗುಡ್ಡೆ ನೋಡಿದರು.

"ಕೊಟ್ಟೋರು ಬಂದು ನೋಡಿದ್ರೆ ಏನೇ ಮಾಡ್ತೀಯ?"

"ಕೊಟ್ಟೋರಿಗೆ ಕೊಟ್ಟಿದ್ದು ನೆನಪಿರುತ್ತಾ ಬುಡ್ರಿ. ನೋಡ್ಲಿ ಅಂತಾನೇ ಹೊಲೀತಿರೋದು. ಅತ್ತಿಗೆ ಬರ್ತಾರಲ್ಲ, ಅವ್ರನ್ನ ಇದ್ರ ಮುಂದೆ ನಿಲ್ಲಿಸ್ತೀನಿ. ಇದು ಅವ್ರು ಕೊಟ್ಟಿದ್ದು, ಇದು ಇವ್ರು ಕೊಟ್ಟಿದ್ದು, ಬೀದಿಯೋರೆಲ್ಲ ಕೊಟ್ಟವ್ರೆ, ಇದ್ರಲ್ಲಿ ನಿಮ್ಮದು ಯಾವ್ದು ತೋರ್ಸಿ ಅಂತ ಎಲ್ಲಾರ ಮುಂದೆ ಕೇಳ್ತೀನಿ. ಆವಾಗ ಏನ್ ಹೇಳ್ತಾರೋ ನೋಡಣ."

ಮೇಷ್ಟ್ರಿಗೆ ಅರ್ಥವಾಯಿತು, ಇದು ಪರದೆಯಲ್ಲ, ಪಂಚಾಯಿತಿ ಎಂದು. ಅವರು ಸುಮ್ಮನೆ ಹೋಗಿ ಸೂಜಿಗೆ ದಾರ ಪೋಣಿಸಿಕೊಟ್ಟರು.

ಗುಡ್ಡೆಯ ನಡುವೆ ಗುಲಾಬಿ ಹೂವಿನ ಒಂದು ಕಾಟನ್ ಕಣ ಸಿಕ್ಕಿತು, ಕೆಂಪು ದಾರ ಸುತ್ತಿತ್ತು. ದಾರ ಕತ್ತರಿಸಿ ಬಿಡಿಸಿದರೆ ಒಳಗೆ ಇನ್ನೊಂದು ಕಣ. ಹಸಿರು. ಅಪ್ಪಟ ರೇಷ್ಮೆ. ಪುಟ್ಟಬಸಮ್ಮನ ಕಣ್ಣು ಅರಳಿತು. ಈ ಬೀದಿಯಲ್ಲಿ ರೇಷ್ಮೆ ಕೊಡುವಷ್ಟು ಕೈ ಯಾರದಪ್ಪಾ ಎಂದು ಯೋಚಿಸಿದಳು. ಮಂಚಮ್ಮನ ಗಂಡ ಅಶ್ವತ್ಥನದು ಹಾರ್ಡ್‌ವೇರ್ ಅಂಗಡಿ, ಎರಡು ಮಹಡಿ ಮನೆ, ಇನ್ಯಾರಿರುತ್ತಾರೆ, ಮಂಚಮ್ಮನೇ ಇರಬೇಕು ಎಂದು ತೀರ್ಮಾನಿಸಿ ಕತ್ತರಿ ಆಡಿಸಿಯೇ ಬಿಟ್ಟಳು. ಒಂದು ಮೂಲೆಯಿಂದ ಕತ್ತರಿಸಿದ ದೊಡ್ಡ ಚೌಕ ಪರದೆಯ ನಡುವಿಗಾಯಿತು, ಪಕ್ಕಕ್ಕೆ ಗುಲಾಬಿ ಹೂವಿನದು. ಉಳಿದದ್ದನ್ನು ವ್ಯರ್ಥ ಮಾಡುವವಳೇ ಅವಳು? ಹಳೇ ಟವೆಲ್ಲು ಒಳಗಿಟ್ಟು ಬಿಸಿ ಪಾತ್ರೆ ಇಳಿಸುವ ಹಿಡಿಬಟ್ಟೆ ಹೊಲಿದಳು. ಕೆಂಪು ದಾರವನ್ನು ಪರದೆಯ ತುದಿಗೆ ಕುಚ್ಚು ಕಟ್ಟಿದಳು.

ಹಿಡಿಬಟ್ಟೆಯನ್ನು ಮಂಚಮ್ಮನಿಗೇ ಕೊಟ್ಟು, "ನೀವು ಕೊಟ್ಟ ರೇಷ್ಮೆಯಿಂದಾನೇ ಮಾಡಿದ್ದು ಕಣ್ರೀ," ಎಂದಳು.

ಮಂಚಮ್ಮನಿಗೆ ರೇಷ್ಮೆ ಕೊಟ್ಟ ನೆನಪು ಇರಲಿಲ್ಲ, ಯಾಕೆಂದರೆ ಕೊಟ್ಟೇ ಇರಲಿಲ್ಲ. ಆದರೆ ಬಂದ ಹೊಗಳಿಕೆಯನ್ನು ವಾಪಸ್ ಕಳಿಸುವ ಅಭ್ಯಾಸ ಅವಳಿಗಿಲ್ಲ. "ನಿಂಗೇ ಅಂತ ತಂದಿದ್ದು ಕಣಮ್ಮ. ರೇಟು ನೋಡ್ಲಿಲ್ಲ ನಾನು," ಎಂದುಬಿಟ್ಟಳು.

ಹಬ್ಬದ ಸಂಜೆ ಹಾಲ್ ಮತ್ತು ಊಟದ ಮನೆಯ ನಡುವಿನ ಬಾಗಿಲಲ್ಲಿ ಪರದೆ ತೂಗಾಡುತ್ತಿತ್ತು. ಒಂದು ಕಡೆ ನೆಲಕ್ಕೆ ತಾಗುತ್ತಿತ್ತು, ಇನ್ನೊಂದು ಕಡೆ ಮೊಣಕಾಲಿಗೇ ನಿಂತಿತ್ತು. ಅರಿಶಿನ ಕುಂಕುಮಕ್ಕೆ ಬಂದವರು ಅದನ್ನು ನೋಡಿ ಮೊದಲು, "ಏನ್ ಚೆನ್ನಾಗೈತೆ!" ಎಂದರು. ಆಮೇಲೆ ಹತ್ತಿರ ಹೋದರು. ಹತ್ತಿರ ಹೋಗಬಾರದಿತ್ತು.

"ಏ, ಈ ಕಾಫಿಪುಡಿ ಬಣ್ಣದ್ದು ನಾನು ಮಂಚಮ್ಮಂಗೆ ಕೊಟ್ಟಿದ್ದು!" ಎಂದಳು ಹಿಂದಿನ ಬೀದಿಯ ಮಹದೇವಮ್ಮ. "ಅವ್ರ ಮೊಮ್ಮಗನ ನಾಮಕರಣಕ್ಕೆ. ಇಲ್ಲಿಗೆ ಎಂಗ್ ಬಂತು?"

"ಆ ಚುಕ್ಕೆಚುಕ್ಕೆದು ನಾನು ನಿಮ್ಮ ಮಗಳು ಲಾಸ್ಯನ ಸೀಮಂತಕ್ಕೆ ಕೊಟ್ಟಿದ್ದಲ್ವಾ? ಅದು ಎಂಗ್ ಬಂತೋ ಅಂಗೇ ಬಂತು," ಎಂದಳು ಮಂಚಮ್ಮ.

ಮಹದೇವಮ್ಮ ತಾಂಬೂಲದ ತಟ್ಟೆಯನ್ನೇ ದಿಟ್ಟಿಸತೊಡಗಿದಳು. ಪುಟ್ಟಬಸಮ್ಮನಿಗೆ ಒಳಗೊಳಗೇ ಖುಷಿ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಸರ್ವಮಂಗಳ ಮೊರದ ಬಾಗಿನವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದಳು. ತಲೆ ನರೆತಿತ್ತು, ಮೊದಲಿಗಿಂತ ಇಳಿದುಹೋಗಿದ್ದಳು. ಪುಟ್ಟಬಸಮ್ಮನಿಗೆ ಒಂದು ಗಳಿಗೆ ಅಯ್ಯೋ ಎನಿಸಿತು. ಆದರೆ ತಿಂಗಳಿಡೀ ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಬಾಗಿನ ತೆಗೆದುಕೊಂಡಳು, ಅತ್ತಿಗೆಯ ಕಾಲಿಗೆ ನಮಸ್ಕಾರ ಮಾಡಿದಳು, ಕುಂಕುಮ ಕೊಟ್ಟಳು. ಆಮೇಲೆ ಕೈ ಹಿಡಿದುಕೊಂಡು ಹೋಗಿ ನೇರ ಪರದೆಯ ಮುಂದೆ ನಿಲ್ಲಿಸಿದಳು. ಪರದೆಯ ಹಿಂದೆ ಮೇಷ್ಟ್ರು ಉಸಿರು ಬಿಗಿಹಿಡಿದು ಕೂತಿದ್ದರು.

"ಅತ್ತಿಗೇ, ಈ ಬೀದಿ ಹೆಂಗಸ್ರು ಪ್ರೀತಿಯಿಂದ ಕೊಟ್ಟಿದ್ದನ್ನೆಲ್ಲ ಸೇರ್ಸಿ ಹೊಲ್ದಿದ್ದೀನಿ. ಈ ರೇಷ್ಮೆ ನೋಡಿ, ನಮ್ಮ ಮಂಚಮ್ಮ ಕೊಟ್ಟಿದ್ದು. ಇದು ಮಹದೇವಮ್ಮಂದು. ಯಾವ ಸಂಬಂಧವೂ ಇಲ್ದೋರು ಇಷ್ಟು ಕೊಟ್ಟವ್ರೆ. ಇದ್ರಲ್ಲಿ ನಮ್ಮ ತವರುಮನೇದು ಯಾವ್ದು, ಒಸಿ ತೋರ್ಸಿ ನೋಡಣ?"

ಸರ್ವಮಂಗಳ ಪರದೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ಕೈ ನೀಡಿ ನಡುವಿನ ಹಸಿರು ಚೌಕದ ಮೇಲೆ ಬೆರಳಿಟ್ಟಳು.

"ಇದು."

"ಅದು ಮಂಚಮ್ಮ..."

"ಇದು ಅತ್ತೆ ಎತ್ತಿಟ್ಟಿದ್ದ ಕಣ. ಈ ಗುಲಾಬಿ ಹೂವಿಂದರ ಒಳಗೆ ನಾನೇ ಮಡಿಸಿಟ್ಟೆ, ಮಾಸ್ದಿರ್ಲಿ ಅಂತ. ಅತ್ತೇನೇ ಕೆಂಪು ದಾರ ಸುತ್ತಿದ್ರು. ಅತ್ತೆ ತೀರ್ಕೊಂಡ ವರ್ಷದ ಬಾಗಿನದಲ್ಲಿ ಅಕ್ಕಿ ಮೇಲೆ ಇಟ್ಟು ನಿಮ್ಮಣ್ಣನ ಕೈಲಿ ಕಳಿಸ್ದೆ," ಎಂದಳು ಸರ್ವಮಂಗಳ. ಆಮೇಲೆ ಅವಳ ಕಣ್ಣಿಗೆ ಕುಚ್ಚು ಬಿತ್ತು. "ದಾರಾನೂ ಇಲ್ಲೇ ಐತಲ್ಲ."

ಪುಟ್ಟಬಸಮ್ಮ ಕುಚ್ಚನ್ನು ಕೈಗೆ ತೆಗೆದುಕೊಂಡು ನೋಡಿದಳು. ಮಂಚಮ್ಮನ ಕಡೆ ತಿರುಗಿದಳು. "ನೀವು ಕೊಟ್ಟಿದ್ದು ಅಂದ್ರಲ್ರೀ!"

ಮಂಚಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು. "ನೀನು ಅಂದೆ, ನಾನು ಹೂಂ ಅಂದೆ ಕಣಮ್ಮ. ಈ ಗುಲಾಬಿ ಹೂವಿನ ಪೀಸು, ಕೆಂಪು ದಾರ, ಈಗ ಗ್ಯಾಪ್ಕ ಬತ್ತಾ ಐತೆ. ನಮ್ಮ ಗೃಹಪ್ರವೇಶಕ್ಕೆ ನೀನೇ ಕೊಟ್ಟಿದ್ದೆ. ಬಿಚ್ಚಿ ನೋಡಿದ್ರೆ ಶಿವನಾಣೆ. ಅಂಗೇ ಎತ್ತಿ ಮಹದೇವಮ್ಮಂಗೆ ಕೊಟ್ಬುಟ್ಟೆ."

ಎಲ್ಲರೂ ಮಹದೇವಮ್ಮನತ್ತ ನೋಡಿದರು.

"ನನ್ನೇನ್ ನೋಡ್ತೀರಿ?" ಎಂದು ಮಹದೇವಮ್ಮ ಸಿಡುಕಿದಳು. "ನಾನೂ ಬಿಚ್ಲಿಲ್ಲ. ಹೋದ ವರ್ಷ ವರಮಹಾಲಕ್ಷ್ಮಿಗೆ ಪುಟ್ಟಬಸಮ್ಮಂಗೇ ಕೊಟ್ಟೆ. ನಿಮಗೇ ಅಂತ ತಂದೆ ಅಂತಾನೂ ಹೇಳ್ದೆ. ಈಗ ನೋಡಿದ್ರೆ ಸುಳ್ಳೇನಲ್ವಲ್ಲ!"

ಯಾರೋ ಕಿಸಕ್ಕೆಂದರು. ಪರದೆಯ ಹಿಂದಿನಿಂದಲೇ ಬಂದ ಸದ್ದು ಅದು. ಪುಟ್ಟಬಸಮ್ಮನಿಗೆ ನಗು ಬರಲಿಲ್ಲ. ಅವ್ವನ ಕಣ ಅವಳ ಕೈಗೆ ಬಂದಿತ್ತು. ಬಂದದ್ದನ್ನು ಬಿಚ್ಚಿಯೂ ನೋಡದೆ ಎದುರುಮನೆಯವರ ಗೃಹಪ್ರವೇಶಕ್ಕೆ ದಾಟಿಸಿದ್ದವಳು ತಾನೇ. ಅದು ಯಾರೂ ಬೇಡವೆನ್ನುತ್ತ ಎಲ್ಲರ ಬೀರು ಸುತ್ತಿಕೊಂಡು ಮತ್ತೆ ತನ್ನ ಬಳಿಗೇ ಬಂದಿತ್ತು. ಬಂದರೆ ಕತ್ತರಿ ಹಾಕಿದ್ದಳು.

"ಮೂಲೆ ತಿರುಗ್ಸಿ ನೋಡು. ಅತ್ತೆ ಅರಿಶಿನ ಹಚ್ಚಿದ್ರು," ಎಂದಳು ಸರ್ವಮಂಗಳ ಮೆತ್ತಗೆ.

ಪುಟ್ಟಬಸಮ್ಮ ಹೊಲಿಗೆಯನ್ನು ಹಿಂದುಮುಂದು ಮಾಡಿದಳು. ಒಳಮಡಿಕೆಯಲ್ಲಿ ಹಳದಿ ಇತ್ತು. ಹೊಸ ಬಟ್ಟೆಗೆ ಎಲ್ಲರೂ ಅರಿಶಿನದ ಬೊಟ್ಟಿಡುತ್ತಾರೆ. ಇದು ಬೊಟ್ಟಾಗಿ ನಿಂತಿರಲಿಲ್ಲ, ಬಾಲ ಎಳೆದುಕೊಂಡು ಪಕ್ಕಕ್ಕೆ ಜಾರಿತ್ತು. ಕೊನೆಕೊನೆಗೆ ಅವ್ವನ ಕೈ ಹಾಗೇ ಜಾರುತ್ತಿತ್ತು. ಅನ್ನ ಕಲೆಸುವಾಗಲೂ, ವಿಭೂತಿ ಇಟ್ಟುಕೊಳ್ಳುವಾಗಲೂ.

"ಅಯ್ಯೋ ಅವ್ವಾ," ಎಂದು ಪುಟ್ಟಬಸಮ್ಮ ಅಲ್ಲೇ ನೆಲಕ್ಕೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. "ಅವ್ವನ ಕಣಕ್ಕೆ ನಾನೇ ಕತ್ತರಿ ಹಾಕ್ಬುಟ್ನಲ್ಲ ಅತ್ತಿಗೇ. ನಿಮ್ಮನ್ನ ಕಳ್ಳಿ ಅನ್ಕೊಂಡಿದ್ದೆ ನಾನು, ಇಷ್ಟು ವರ್ಷ."

"ನಾನೂ ಸುಮ್ನಿರ್ಲಿಲ್ಲ ಬುಡು," ಎಂದು ಸರ್ವಮಂಗಳ ಪಕ್ಕದಲ್ಲೇ ಕುಸಿದು ಕೂತಳು. ಅವಳಿಗೂ ಅಳು ಬಂದಿತ್ತು, ಜೊತೆಗೆ ಸಿಟ್ಟೂ ಬಂದಿತ್ತು. "ಅತ್ತೆ ಸಾಯೋ ಮುಂಚೆ ಕೊಟ್ಟ ರೇಷ್ಮೆ, ಒಂದು ಸಲಾನಾದ್ರೂ ಹೊಲಿಸ್ಕೊಂಡು ಹಾಕ್ಕೊಂಡು ಬರ್ತಾಳೇನೋ ಅಂತ ಕಾದೆ. ನೀನು ಬರ್ಲೇ ಇಲ್ಲ. ಎಷ್ಟು ಕೊಬ್ಬು ಇವ್ಳಿಗೆ ಅಂತ ನಿಮ್ಮಣ್ಣನ ಹತ್ರ ದಿನಾ ಬೈತಿದ್ದೆ. ನಾನು ಕೊಟ್ಟಾಯ್ತಲ್ಲ ಅಂದಾಗ್ಲಾದ್ರೂ ಎಲ್ಲಿ ಅಂತ ಕೇಳ್ಬಾರ್ದಾ, ಬಾಯಿ ಬಿದ್ದೋಗಿತ್ತಾ ನಿಂಗೆ?"

ಬೈಸಿಕೊಂಡ ಮೇಲೆ ಪುಟ್ಟಬಸಮ್ಮನಿಗೆ ಸ್ವಲ್ಪ ಹಗುರಾಯಿತು. ಮೇಷ್ಟ್ರು ಹೊರಗೆ ಬಂದು ಸದ್ದಿಲ್ಲದೆ ಪರದೆಯನ್ನು ಸರಳಿನಿಂದ ಇಳಿಸಿ, ನಾದಿನಿ ಅತ್ತಿಗೆಯರ ತೊಡೆಯ ಮೇಲೆ ಹರಡಿ, ಒಬ್ಬೊಬ್ಬರ ಕೈಗೆ ಒಂದೊಂದು ಪಿನ್ನು ಕೊಟ್ಟರು. ಇಬ್ಬರೂ ಎರಡು ಕಡೆಯಿಂದ ಹೊಲಿಗೆ ಬಿಚ್ಚತೊಡಗಿದರು. ಹೊಲಿಗೆ ಎಷ್ಟು ಸಡಿಲವಾಗಿತ್ತೆಂದರೆ ಪಿನ್ನು ಬೇಕಾಗಿರಲೇ ಇಲ್ಲ.

ಹಸಿರು ಚೌಕ ಬಿಡಿಯಾಗಿ ಕೈಗೆ ಬಂದಾಗ ಸರ್ವಮಂಗಳ ಅದನ್ನು ಮೊಳ ಹಾಕಿ ನೋಡಿದಳು. "ಇದು ಬೆನ್ನಿಗೂ ಸಾಲ್ದು. ಮಿಕ್ಕಿದ್ದೆಲ್ಲಿ?"

ಪುಟ್ಟಬಸಮ್ಮ ಮಂಚಮ್ಮನ ಮುಖ ನೋಡಿದಳು. ಮಂಚಮ್ಮ ಕೂತಲ್ಲೇ ಚಡಪಡಿಸಿದಳು.

"ತತ್ತೀನಿ ತಾಳಮ್ಮ," ಎಂದು ಎದ್ದು ರಸ್ತೆ ದಾಟಿ ಓಡಿದಳು. ತಂದಳು. ಹಿಡಿಬಟ್ಟೆ ಒಂದು ಕಡೆ ಸಾರು ಕುಡಿದಿತ್ತು, ಇನ್ನೊಂದು ಕಡೆ ಸುಟ್ಟು ಕಪ್ಪಾಗಿತ್ತು. "ಹಬ್ಬದಡುಗೆ ಇಳಿಸ್ದೆ ಕಣಮ್ಮ ಇದ್ರಲ್ಲೇ. ನಂಗೇನ್ ಗೊತ್ತಿತ್ತು?" ಎಂದು ಅವಳೂ ಕಣ್ಣೊರೆಸಿಕೊಂಡಳು. ಆ ಸಂಜೆ ಆ ಮನೆಯಲ್ಲಿ ಕೊಬ್ಬರಿ ಮಿಠಾಯಿ ಹಾಗೇ ಉಳಿಯಿತು.

ಹಬ್ಬ ಕಳೆದ ಮೇಲೆ ಪುಟ್ಟಬಸಮ್ಮ ತುಂಡುಗಳನ್ನು ಎತ್ತಿಕೊಂಡು ಟೈಲರ್ ಮಹೇಂದ್ರನ ಬಳಿಗೆ ಹೋದಳು. ಅವನು ನೋಡಿ, "ಇದ್ರಲ್ಲಿ ಕೈಚೀಲ ಬೇಕಾದ್ರೆ ಹೊಲ್ಕೊಡ್ತೀನಿ, ಅಮ್ಮಾ," ಎಂದ. ಅವಳಿಗೆ ರೇಗಿತು. ಮನೆಗೆ ಬಂದು ತಾನೇ ಮಿಷನ್ನಿನ ಮುಂದೆ ಕೂತಳು. ಫೋನನ್ನು ಮಾತ್ರ ಇನ್ನೊಂದು ರೂಮಿನಲ್ಲಿಟ್ಟು ಬಂದಳು. ಮುಂಭಾಗಕ್ಕೆ ಹಸಿರು ರೇಷ್ಮೆ, ಬೆನ್ನಿಗೆ ಗುಲಾಬಿ ಹೂವಿನ ಕಾಟನ್ನು, ತೋಳಿಗೆ ಅದೂ ಇದೂ ಸೇರಿ. ಎಷ್ಟೋ ಸಲ ಬಿಚ್ಚಿದಳು, ಎಷ್ಟೋ ಸಲ ಹೊಲಿದಳು. ವೃಷಭೇಂದ್ರಪ್ಪನವರು ತಿಂಗಳುಗಟ್ಟಲೆ ಯಾವ ರಸವನ್ನೂ ಹಚ್ಚಿಸಿಕೊಳ್ಳದೆ ನೆಮ್ಮದಿಯಾಗಿದ್ದರು.

ದೀಪಾವಳಿಗೆ ಪುಟ್ಟಬಸಮ್ಮ ಆ ರವಿಕೆ ತೊಟ್ಟುಕೊಂಡು ನಜರ್‌ಬಾದಿಗೆ ಹೋದಳು. ಬಸ್ಸಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಅವಳನ್ನು ನೋಡಿ ಇದೇನೋ ಹೊಸ ಫ್ಯಾಷನ್ನು ಎಂದು ಪಿಸುಗುಟ್ಟಿಕೊಂಡರು. ಸರ್ವಮಂಗಳ ಬಾಗಿಲು ತೆಗೆದವಳು ಅವಳನ್ನು ಒಂದು ಸುತ್ತು ತಿರುಗಿಸಿ ನೋಡಿದಳು. ಎಡತೋಳು ಬಲತೋಳಿಗಿಂತ ಗಿಡ್ಡವಿತ್ತು.

"ಯಾವ ಟೈಲರ್ ಹೊಲ್ದಿದ್ದು?"

"ನಾನೇ."

"ಗೊತ್ತಾಯ್ತು," ಎಂದಳು ಸರ್ವಮಂಗಳ. ನಗಬಾರದೆಂದುಕೊಂಡೇ ನಕ್ಕಳು. ಆಮೇಲೆ ರವಿಕೆಯ ಕೆಳಗಂಚನ್ನು ಹಿಡಿದುಕೊಂಡಳು. ಅಲ್ಲಿ ಹಸಿರಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಹೊರಗಡೆಯೇ, ಜಾರಿದ ಅರಿಶಿನದ ಗುರುತಿತ್ತು.

"ಸಾರಿನ ಕಲೆ ಹೋಗೈತೆ, ಇದು ಮಾತ್ರ ಅಂಗೇ ಐತಲ್ಲೇ. ಬಿಸ್ಲಿಗೆ ಹಾಕಿದ್ರೆ ಹೋಗುತ್ತೆ ಅಂತ ಊರಿಗೆಲ್ಲ ಟಿಪ್ಸ್ ಹೇಳೋಳು ನೀನೇ ಅಲ್ವಾ?"

"ಅದಕ್ಕೇ ಇದನ್ನ ನೆರಳಲ್ಲಿ ಒಣಗಾಕೋದು, ಅತ್ತಿಗೆ," ಎಂದಳು ಪುಟ್ಟಬಸಮ್ಮ.